ಗೋಣಿ ಹೊಲಿಗೆ

ಹೆಣ ಸುತ್ತಿದ ಬಟ್ಟೆಗೆ ಶವಾಗಾರದವರು ಬಿಗಿದಿದ್ದ ಗಂಟು ಬೆರಳಿಗೆ ಜಗ್ಗಲಿಲ್ಲ. ದರ್ಜಿ ಮಂಡಿಯೂರಿ, ಬಗ್ಗಿ, ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಬಾಯಿಗೆ ಫಿನಾಯಿಲ್ ರುಚಿ ಬಂತು, ಅದರ ಬೆನ್ನಿಗೇ ಇನ್ನೇನೋ ಒಂದು ರುಚಿ. ಅದು ಏನೆಂದು ಯೋಚಿಸಲು ಹೋಗದೆ ಅಂಗಿಯ ತೋಳಿಗೆ ಬಾಯಿ ಒರೆಸಿಕೊಂಡ.

"ಭಾವ, ನೀವು ಹೊರಗೆ ಕೂತ್ಕೊಳ್ಳಿ. ಮೈ ತೊಳೆಯೋದು ನಾವು ಹೆಂಗಸರು ನೋಡ್ಕೋತೀವಿ," ಎಂದಳು ನಾದಿನಿ. ತೀರಿಕೊಂಡ ಅವನ ಹೆಂಡತಿಯ ತಂಗಿ. ಒಂದು ಕೈಯಲ್ಲಿ ಬಿಸಿನೀರಿನ ಬಕೆಟ್ಟು, ಇನ್ನೊಂದು ಕೈಯಲ್ಲಿ ಮೂಗಿಗೆ ಒತ್ತಿ ಹಿಡಿದ ಕರವಸ್ತ್ರ. ಅವಳ ಹಿಂದೆ ಆಸ್ಪತ್ರೆಯ ಹಳೆಯ ಆಯಾ ಟವೆಲ್ಲು ಹಿಡಿದು ನಿಂತಿದ್ದಳು.

"ಒಂದ್ಸಲ ನೋಡಿಬಿಡ್ತೀನಿ," ಎಂದು ದರ್ಜಿ ಬಟ್ಟೆ ಸರಿಸಿದ.

ನೋಡಬಾರದಿತ್ತು. ಗಂಟಲ ಗುಳಿಯಿಂದ ಹೊಕ್ಕುಳ ದಾಟಿ ಕೆಳಗಿನ ತನಕ ಕೊಯ್ದು, ಮೂಟೆಯ ಬಾಯಿ ಕಟ್ಟುವ ಒರಟು ಹುರಿಯಲ್ಲಿ ಹೊಲಿದಿದ್ದರು. ಒಂದು ಹೊಲಿಗೆಗೂ ಇನ್ನೊಂದಕ್ಕೂ ಎರಡು ಬೆರಳು ದೂರ. ಒಂದು ಕಡೆಯ ಚರ್ಮ ಇನ್ನೊಂದರ ಮೇಲೆ ಹತ್ತಿ ಕೂತಿತ್ತು. ಸಂದುಗಳಿಂದ ಕೆಂಪು ನೀರು ಜಿನುಗಿ ಸೊಂಟದ ಕೆಳಗೆ ಮಡುಗಟ್ಟಿತ್ತು. ಎಲ್ಲಕ್ಕಿಂತ ಅಸಹ್ಯವಾದದ್ದು ಹೊಲಿಗೆಯ ಕೊನೆ. ಅಲ್ಲಿ ಒಂದು ಗಂಟು ಕೂಡ ಇರಲಿಲ್ಲ. ಹುರಿಯ ತುದಿಯನ್ನು ಸುಮ್ಮನೆ ಒಳಕ್ಕೆ ತುರುಕಿದ್ದರು.

ನಲವತ್ತು ವರ್ಷ ಬಟ್ಟೆ ಹೊಲಿದವನು ಎಂಥೆಂಥ ಕೆಟ್ಟ ಹೊಲಿಗೆಗಳನ್ನೋ ನೋಡಿದ್ದ. ಬೇರೆಯವರು ಕೆಡಿಸಿದ ಅಂಗಿ ಬಿಚ್ಚಿ ಹೊಲಿಯುವುದೇ ಅವನ ಅರ್ಧ ಸಂಪಾದನೆಯಾಗಿತ್ತು. ಆದರೆ ಗೋಣಿಚೀಲ ಹೊಲಿಯುವವನೂ ಕೊನೆಗೊಂದು ಗಂಟು ಹಾಕುತ್ತಾನೆ. ಒಳಗಿರುವ ಕಾಳು ಚೆಲ್ಲಬಾರದು ಎಂಬಷ್ಟಾದರೂ ಕಾಳಜಿ ಅವನಿಗಿರುತ್ತದೆ. ದರ್ಜಿ ಬಟ್ಟೆಯನ್ನು ಮತ್ತೆ ಎಳೆದು ಮುಚ್ಚಿದ. ಗೋಡೆ ಹಿಡಿದು ಎದ್ದು ನಿಂತ.

ಮೊನ್ನೆ ಸಂಜೆ ರಸ್ತೆ ದಾಟುವಾಗ ನೀರಿನ ಟ್ಯಾಂಕರು ಗುದ್ದಿತ್ತು. ಪೊಲೀಸ್ ಕೇಸು, ಹಾಗಾಗಿ ಕೊಯ್ಯಲೇಬೇಕಂತೆ. ಟ್ಯಾಂಕರು ಗುದ್ದಿ ಸತ್ತಳು ಎಂದು ಬೀದಿಗೆ ಬೀದಿಯೇ ಕಂಡಿದ್ದರೂ, ಯಾಕೆ ಸತ್ತಳು ಎಂದು ಒಳಗೆ ನೋಡಿ ಬರೆಯಬೇಕಂತೆ. ಬರೆದುಕೊಂಡರು, ತುರುಕಿದರು, ಕಳಿಸಿದರು.

"ಇದನ್ನ ಬಿಚ್ಚಿ ಮತ್ತೆ ಹೊಲೀಬೇಕು," ಎಂದ ದರ್ಜಿ.

"ಏನಂದ್ರಿ?" ನಾದಿನಿ ಬಕೆಟ್ಟನ್ನು ಕೆಳಗಿಟ್ಟಳು. "ಸತ್ತವರಿಗೆ ಹೊಲಿಗೆ ನೆಟ್ಟಗಿದ್ರೇನು, ಸೊಟ್ಟಗಿದ್ರೇನು ಭಾವ? ಮೇಲೆ ಬಟ್ಟೆ ಮುಚ್ಚಿದ್ರಾಯ್ತು. ಎರಡು ಗಂಟೆಗೆ ಗಾಡಿ ಬರುತ್ತೆ. ಈಗಾಗ್ಲೇ ಹನ್ನೆರಡೂವರೆ."

"ಬಟ್ಟೆ ಮುಚ್ಚಿದ್ರೆ ಸೋರೋದು ನಿಲ್ಲುತ್ತಾ? ನಾಲ್ಕು ಜನ ಎತ್ತುವಾಗ ಹೆಗಲ ಮೇಲೆ ಸುರಿದ್ರೆ?"

ನಾದಿನಿ ಮುಖ ಸಿಂಡರಿಸಿದಳು. ಆಯಾಳ ಕಡೆ ತಿರುಗಿ, ಅವನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, ಸರಿಯಾಗಿ ಕೇಳಿಸುವಂತೆಯೇ ಅಂದಳು: "ತಪ್ಪು ದಾರ ಕೊಟ್ಟು ಒಬ್ಬನ ಪ್ರಾಣ ಕಳೆದಿದ್ದಳಲ್ಲ ನಮ್ಮಕ್ಕ. ಕೊನೆಗೆ ಅವಳ ಮೈಗೂ ಎಂಥ ದಾರ ಬಂತು ನೋಡು. ಮಾಡಿದ್ದು ಉಣ್ಣಬೇಕು."

ದರ್ಜಿಗೆ ಕೋಪ ನೆತ್ತಿಗೇರಿತು. ಹೆಣದ ಮುಂದೆ ನಿಂತು ಇಂಥ ಮಾತಾಡುವ ನಾಲಗೆಯನ್ನು ಕತ್ತರಿಸಿ ಹಾಕಬೇಕು ಅನ್ನಿಸಿತು. ಆದರೆ ಅವಳನ್ನು ಬಯ್ಯುವ ಮುಖ ತನಗೆಲ್ಲಿದೆ? ಹನ್ನೊಂದು ವರ್ಷಗಳ ಕೆಳಗೆ ಆ ಮಾತನ್ನು ನಿಜ ಮಾಡಲು ಸಹಾಯ ಮಾಡಿದವನೇ ತಾನು. ಅವನು ಹಿತ್ತಿಲ ಬಾಗಿಲಿಗೆ ಹೋಗಿ ಉಗುಳಿದ. ಎಷ್ಟು ಉಗುಳಿದರೂ ಆ ರುಚಿ ಹೋಗಲಿಲ್ಲ.

*

ಮದುವೆಯಾದ ಹೊಸತರಲ್ಲಿ ಗಂಡಹೆಂಡಿರಿಗೆ ಮಾತಾಡಲು ಇದ್ದದ್ದು ಒಂದೇ ವಿಷಯ, ದಾರ. ಅವನು ದರ್ಜಿ, ಅವಳು ಆಪರೇಷನ್ ಥಿಯೇಟರಿನ ಸಿಸ್ಟರ್. ಡಾಕ್ಟರ ಪಕ್ಕ ನಿಂತು ಅವರು ಕೇಳಿದ ದಾರವನ್ನು ಕೇಳಿದ ಗಳಿಗೆಗೆ ಕೈಗಿಡುವುದು ಅವಳ ಕೆಲಸ. ಅವಧಿ ಮೀರಿದ ಪ್ಯಾಕೆಟ್ಟುಗಳನ್ನು ಎಸೆಯಲು ಮನಸ್ಸು ಬಾರದೆ ಮನೆಗೆ ತರುತ್ತಿದ್ದಳು. ಅವು ಹೊಲಿಗೆ ಯಂತ್ರದ ಖಾನೆಯಲ್ಲಿ ಅವನ ಬಾಬಿನ್ನುಗಳ ಪಕ್ಕ ಸೇರುತ್ತಿದ್ದವು.

ಒಂದು ದಿನ ಊಟಕ್ಕೆ ಕೂತಾಗ ಹಳದಿ ಬಣ್ಣದ ಒದ್ದೆ ದಾರವೊಂದನ್ನು ತಂದು ಅವನ ತಟ್ಟೆಯ ಪಕ್ಕ ಇಟ್ಟಳು.

"ಇದು ಯಾವುದರದ್ದು ಹೇಳಿ ನೋಡೋಣ?"

"ಏನೋ ಒಂದು ನಾರು."

"ಕುರಿ ಕರುಳಿಂದು. ಕೆರೆದು, ತೊಳೆದು, ಎಳೆ ಎಳೆ ಮಾಡಿ ಹೊಸೀತಾರೆ. ಕ್ಯಾಟ್‌ಗಟ್ ಅಂತಾರೆ."

ಅವನು ಬಾಯಿಯ ತುತ್ತನ್ನು ಹಾಗೇ ತಟ್ಟೆಗೆ ಬಿಟ್ಟ. "ಥೂ! ಊಟದ ಹೊತ್ತಲ್ಲಿ ಆಡೋ ಮಾತೇನೇ ಇದು?"

ಅವಳು ಬಿದ್ದು ಬಿದ್ದು ನಕ್ಕಳು. "ಇದರ ಗುಣ ಏನ್ ಗೊತ್ತಾ? ಮೈಯೊಳಗೆ ತಾನೇ ಕರಗಿಹೋಗುತ್ತೆ. ಬಿಚ್ಚೋ ಕೆಲಸವೇ ಇಲ್ಲ."

"ದೋಷ?"

"ಅದೂ ಅದೇ ರೀ. ಕರಗಿಹೋಗುತ್ತೆ. ಒಂದು ವಾರ ಹತ್ತು ದಿನಕ್ಕೆಲ್ಲಾ ಜೀವ ಬಿಟ್ಟುಬಿಡುತ್ತೆ. ಅಷ್ಟರೊಳಗೆ ಗಾಯ ಕೂಡದಿದ್ರೆ ದೇವರೇ ಗತಿ."

ರೇಷ್ಮೆಯ ಮೇಲೆ ಅವಳಿಗೆ ಅರ್ಧ ಪ್ರೀತಿ, ಅರ್ಧ ಅನುಮಾನ. "ಕೈಗೆ ಹಿತ. ಹೇಳಿದ ಹಾಗೆ ಕೇಳುತ್ತೆ, ಗಂಟು ಹಾಕಿದ ಕಡೆ ಕೂರುತ್ತೆ. ಡಾಕ್ಟರುಗಳಿಗೆ ಅದಂದ್ರೆ ಪ್ರಾಣ. ಆದ್ರೆ ಹೆಣೆದ ದಾರ ನೋಡಿ, ಎಳೆ ಮಧ್ಯೆ ಕೀವು ಹೊಕ್ಕರೆ ಅಲ್ಲೇ ಸಂಸಾರ ಹೂಡಿಬಿಡುತ್ತೆ." ಮೂರು ನಾಲ್ಕು ವಾರ ಗಟ್ಟಿಯಾಗಿದ್ದು ಆಮೇಲೆ ಕರಗುವ ಹೊಸ ದಾರವೂ ಬಂದಿತ್ತು. ಅದು ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿರುತ್ತಿತ್ತು. ಊರಿನ ದೊಡ್ಡವರ ಹೊಟ್ಟೆಗೆ ಮಾತ್ರ ಹೊರಗೆ ಬರುತ್ತಿತ್ತು.

"ನೈಲಾನ್ ಹೇಗೆ?" ಎಂದು ಅವನು ಕೇಳಿದ್ದ. ಅವನಿಗೂ ರುಚಿ ಹತ್ತಿತ್ತು.

"ಅಯ್ಯೋ, ಅದು ಹಟಮಾರಿ. ಒಂಟಿ ಎಳೆ, ಜಾರುತ್ತೆ. ಸುತ್ತಿಟ್ಟ ಆಕಾರಕ್ಕೇ ವಾಪಸ್ ಹೋಗ್ತೀನಿ ಅನ್ನುತ್ತೆ. ತುದಿ ಚುಚ್ಚುತ್ತೆ. ಒಂದೊಂದು ಹೊಲಿಗೆಗೂ ಆರು ಗಂಟು ಹಾಕಿದ್ರೇನೇ ನಿಲ್ಲೋದು. ಆದ್ರೆ ಕೊಳೆ ಹತ್ತಿಸ್ಕೊಳ್ಳಲ್ಲ, ಬೇಗ ಸವೆಯಲ್ಲ. ಹೊಟ್ಟೆಯ ಗೋಡೆ ಮುಚ್ಚೋಕೆ ಅದೇ ಆಗ್ಬೇಕು."

"ಹಾಗಾದ್ರೆ ನೀನು ನೈಲಾನ್ ಬಿಡು."

"ನೀವು?"

"ನಾನು ಕಚ್ಚಾ ಹೊಲಿಗೆ ದಾರ. ಬಟ್ಟೆ ಸಿದ್ಧವಾದ ಮೇಲೆ ಕಿತ್ತು ಬಿಸಾಡೋದು," ಎಂದು ಅವನು ತಮಾಷೆ ಮಾಡಿದ್ದ.

*

ಒಂದು ಗಂಟೆಯ ಹೊತ್ತಿಗೆ ದೊಡ್ಡ ಡಾಕ್ಟರು ಬಂದರು. ಕೈಯಲ್ಲಿ ಎದೆಯಗಲದ ಹೂಚಕ್ರ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಊರಿನ ಅರ್ಧ ಜನರ ಹೊಟ್ಟೆ ತೆರೆದು ಮುಚ್ಚಿದ ಕೈ. ಪಡಸಾಲೆಯಲ್ಲಿ ಚಹಾ ಹೀರುತ್ತ ಟ್ಯಾಂಕರಿನ ವೇಗದ ಬಗ್ಗೆ ಚರ್ಚೆ ನಡೆಸಿದ್ದವರು ಲೋಟ ಬಚ್ಚಿಟ್ಟು ಎದ್ದು ನಿಂತರು. ಪಕ್ಕದ ಮನೆಯ ಮೇಷ್ಟ್ರು ತಮ್ಮ ಕುರ್ಚಿಯನ್ನೇ ಒರೆಸಿ ಕೊಟ್ಟರು.

"ನಮ್ಮ ಥಿಯೇಟರಿನ ಬೆನ್ನೆಲುಬು ಆಕೆ," ಎಂದರು ಡಾಕ್ಟರು, ಎಲ್ಲರಿಗೂ ಕೇಳುವ ಹಾಗೆ. "ಅಂಥ ಕೈ ಇನ್ನೊಂದು ಸಿಗಲ್ಲ. ನಾನು ಬಾಯಿ ಬಿಡೋ ಮೊದಲೇ ನನಗೆ ಬೇಕಾದ ದಾರ ಕೈಗೆ ಬಂದಿರ್ತಿತ್ತು."

ಜನ ತಲೆಯಾಡಿಸಿದರು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ದರ್ಜಿ ಆ ಮುಖವನ್ನು ನೋಡುತ್ತ ನಿಂತ. ಮೊಸಳೆ ಕಣ್ಣೀರಾಗಿದ್ದರೆ ಸಹಿಸಬಹುದಿತ್ತು. ಡಾಕ್ಟರ ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು. ತಾನು ಹೇಳಿದ ಸುಳ್ಳನ್ನು ತಾನೇ ಮರೆತು ದುಃಖಪಡುವ ಮನುಷ್ಯನನ್ನು ಕಂಡು ಅವನಿಗೆ ಮೈಯೆಲ್ಲ ಹೇಸಿಗೆಯಾಯಿತು.

ಅಡಿಗೆಮನೆಯ ಬಾಗಿಲಲ್ಲಿ ಆಯಾ ಅವನ ತೋಳು ಜಗ್ಗಿದಳು. "ಅಣ್ಣಾ, ಒಂದು ಮಾತು. ಅವತ್ತು ಸಿಸ್ಟರಮ್ಮ ನೈಲಾನೇ ಕೊಟ್ಟಿದ್ರು. ಎರಡು ಸಲ ಕೊಟ್ರು. ಎರಡು ಸಲವೂ ಈ ಡಾಕ್ಟ್ರು ನೆಲಕ್ಕೆ ಬಿಸಾಡಿದ್ರು. ಆಮೇಲೆ ಅದನ್ನ ಗುಡಿಸಿದ್ದು ನಾನೇ."

"ಗೊತ್ತು ಕಣಮ್ಮ. ಅವತ್ತು ರಾತ್ರೀನೇ ಅವಳು ಹೇಳಿದ್ಳು. ನೀನು ಯಾಕೆ ವಿಚಾರಣೇಲಿ ಬಾಯಿ ಬಿಡಲಿಲ್ಲ?"

"ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ ಅಣ್ಣಾ."

"ಇವತ್ತು ಯಾಕೆ ಹೇಳ್ತಿದ್ದೀಯ? ಈಗ ಹೇಳಿದ್ರೆ ಅವಳಿಗೆ ಕೇಳ್ಸುತ್ತಾ?"

ಆಯಾ ಅಳತೊಡಗಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಆದರೆ ಆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವನು ತಾನೇ ಎಂಬುದು ನೆನಪಾಗಿ ದರ್ಜಿ ಅವಳ ಬೆನ್ನ ಮೇಲೆ ಕೈಯಿಟ್ಟ.

*

ಅವತ್ತಿನ ಆ ರೋಗಿ ಇಟ್ಟಿಗೆ ಗೂಡಿನ ಕೆಲಸದವನು. ಹೊಟ್ಟೆಯೊಳಗೆ ಹುಣ್ಣು ಒಡೆದು ಬಂದಿದ್ದ. ಮೈಯಲ್ಲಿ ಮಾಂಸವಿಲ್ಲ, ಎದೆಯ ತುಂಬ ಇಟ್ಟಿಗೆಯ ಧೂಳು, ಉಸಿರಿಗೊಮ್ಮೆ ಕೆಮ್ಮು. ಒಳಗಿನ ಕೆಲಸ ಡಾಕ್ಟರು ಚೆನ್ನಾಗಿಯೇ ಮುಗಿಸಿದರು. ಹೊಟ್ಟೆ ಮುಚ್ಚುವಾಗ ಅವರ ಕಣ್ಣು ಗೋಡೆ ಗಡಿಯಾರಕ್ಕೆ ಹೋಯಿತು. ಯಾರದೋ ಮನೆಯಲ್ಲಿ ಊಟಕ್ಕೆ ಕರೆದಿದ್ದರು.

"ಕ್ಯಾಟ್‌ಗಟ್," ಎಂದರು.

ಅವಳು ನೈಲಾನ್ ಇಟ್ಟಳು. "ಸರ್, ಇವನು ತುಂಬಾ ಕೆಮ್ತಾನೆ. ಅದು ನಿಲ್ಲಲ್ಲ."

ನೈಲಾನ್ ನೆಲಕ್ಕೆ ಬಿತ್ತು. ಅವಳು ಇನ್ನೊಂದು ಇಟ್ಟಳು. ಅದೂ ಬಿತ್ತು.

"ಒಂದೊಂದಕ್ಕೆ ಆರಾರು ಗಂಟು ಹಾಕ್ತಾ ಕೂರೋಕೆ ನನಗೆ ಹೊತ್ತಿಲ್ಲ ಸಿಸ್ಟರ್. ಕೇಳಿದ್ದು ಕೊಡಿ."

ಮೂರನೆಯ ಸಲ ಕೇಳಿದ್ದನ್ನು ಕೊಟ್ಟಳು.

ಏಳನೆಯ ದಿನ ಬೆಳಿಗ್ಗೆ ಅವಳು ವಾರ್ಡಿಗೆ ಹೋಗಿ ನೋಡಿದಾಗ ಪಟ್ಟಿಯ ಮೇಲೆ ತಿಳಿಗೆಂಪು ನೀರು ಕಂಡಿತು. ಏನಾಗಲಿದೆ ಎಂದು ಅವಳಿಗೆ ಗೊತ್ತಾಯಿತು. ಡಾಕ್ಟರನ್ನು ಕರೆಯಲು ಬಾಗಿಲ ತನಕ ಓಡಿದಳು. ಅಷ್ಟರಲ್ಲಿ ಅವನು ಹಾಸಿಗೆಯಲ್ಲಿ ಎದ್ದು ಕೂತು ಒಮ್ಮೆ ಜೋರಾಗಿ ಕೆಮ್ಮಿದ. ಹೊಟ್ಟೆ ಬಾಯಿಬಿಟ್ಟಿತು. ಅವನು ತನ್ನ ಕರುಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಏನೋ ಚೆಲ್ಲಿಬಿಟ್ಟ ತಪ್ಪಿಗೆ ಎಂಬಂತೆ ಅವಳ ಮುಖ ನೋಡಿದನಂತೆ. ಎರಡು ದಿನ ಬದುಕಿದ್ದ.

ವಿಚಾರಣೆಯಲ್ಲಿ ಡಾಕ್ಟರು, ತಾವು ನೈಲಾನ್ ಕೇಳಿದ್ದಾಗಿ, ಸಿಸ್ಟರ್ ತಪ್ಪು ದಾರ ಕೈಗಿಟ್ಟಿದ್ದಾಗಿ ಬರೆದುಕೊಟ್ಟರು. ಕ್ಯಾಟ್‌ಗಟ್ ಹಳದಿ, ನೈಲಾನ್ ನೀಲಿ. ಹೊಲಿಯುವವನಿಗೆ ಬಣ್ಣ ಕಾಣಲಿಲ್ಲವೇ ಎಂದು ಒಬ್ಬರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಬೇರೆ ವಿಭಾಗಕ್ಕೆ ಹಾಕುತ್ತೇವೆ, ಇಲ್ಲದಿದ್ದರೆ ಮನೆಗೆ ಎಂದರು ಆಸ್ಪತ್ರೆಯವರು.

ಅವಳು ಆ ಕಾಗದ ಹಿಡಿದು ಮನೆಗೆ ಬಂದು ಅವನ ಮುಂದೆ ಕೂತಿದ್ದಳು. ಬೀದಿಗೊಂದು ಸಿದ್ಧ ಉಡುಪಿನ ಅಂಗಡಿ ಬಂದು, ಅವನ ಯಂತ್ರ ವಾರಗಟ್ಟಲೆ ಸುಮ್ಮನಿರುತ್ತಿದ್ದ ಕಾಲ ಅದು.

"ಹೇಳಿ. ಏನ್ ಮಾಡ್ಲಿ?"

ಅವನು ಅವಳ ಮುಖ ನೋಡದೆ, ಸೂಜಿಗೆ ದಾರ ಪೋಣಿಸುತ್ತ ಅಂದಿದ್ದ, "ಸಹಿ ಹಾಕಿಬಿಡು. ದೊಡ್ಡವರ ಸಹವಾಸ ನಮಗ್ಯಾಕೆ."

ಆಮೇಲೆ ನಿವೃತ್ತಿಯಾಗುವ ತನಕ ಏಳು ವರ್ಷ ಅವಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಬ್ಯಾಂಡೇಜು ಮಡಿಸಿದಳು. ಮನೆಯಲ್ಲಿ ದಾರದ ಮಾತು ನಿಂತುಹೋಯಿತು.

*

"ಡಾಕ್ಟ್ರೇ, ಸ್ವಲ್ಪ ಒಳಗೆ ಬರ್ತೀರಾ?" ಎಂದ ದರ್ಜಿ.

ಡಾಕ್ಟರು ಕೋಣೆಗೆ ಬಂದರು. ನಾದಿನಿ ಮತ್ತು ಆಯಾ ಅಲ್ಲೇ ಇದ್ದರು. ಮೇಲೆ ಹೊದಿಸಿದ್ದ ಹೊಸ ಬಿಳಿ ಬಟ್ಟೆಯ ಮೇಲೂ ಕೆಂಪು ಮೂಡಿತ್ತು. ದರ್ಜಿ ನಡುವಿನಷ್ಟು ಸರಿಸಿ ತೋರಿಸಿದ.

"ಛೆ ಛೆ," ಎಂದರು ಡಾಕ್ಟರು. "ಶವಾಗಾರದ ಕೆಲಸ ಅಂದ್ರೆ ಇಷ್ಟೇ. ಕಟುಕರು. ನಾನು ಹೊಲಿದುಕೊಡ್ತೀನಿ, ಹತ್ತು ನಿಮಿಷ."

"ಬೇಡ. ಹೊಲಿಯೋನು ನಾನು." ದರ್ಜಿ ಹೊಲಿಗೆ ಯಂತ್ರದ ಖಾನೆಯನ್ನೇ ಕಿತ್ತು ತಂದು ಅವರ ಮುಂದೆ ಹಿಡಿದ. ಬಾಬಿನ್ನುಗಳ ನಡುವೆ ಹಳೆಯ ಪ್ಯಾಕೆಟ್ಟುಗಳು ತುಂಬಿದ್ದವು. "ದಾರ ಮಾತ್ರ ನೀವು ಆರಿಸಿ ಕೊಡಿ."

"ಹೆಂಡ್ತಿ ಮೈಗೆ ಗಂಡ ಸೂಜಿ ಹಾಕೋದಾ? ಅವರೇ ಹೊಲೀತೀನಿ ಅಂತಿದ್ದಾರಲ್ಲ!" ನಾದಿನಿ ಸಿಡುಕಿದಳು.

"ನೀನು ಸುಮ್ನಿರು. ಕೇಳಿಸ್ಕೋ. ನಿನಗೋಸ್ಕರವೇ ಕೇಳ್ತಿರೋದು."

ಡಾಕ್ಟರು ಖಾನೆಯಲ್ಲಿ ಬೆರಳಾಡಿಸಿದರು. ಕ್ಯಾಟ್‌ಗಟ್ಟನ್ನು ಪಕ್ಕಕ್ಕೆ ತಳ್ಳಿದರು, ರೇಷ್ಮೆಯನ್ನು ಮುಟ್ಟಲೂ ಇಲ್ಲ. ಬೆರಳು ನೀಲಿ ಪ್ಯಾಕೆಟ್ಟಿನ ಮೇಲೆ ನಿಂತಿತು. "ಇದು. ನೈಲಾನ್."

"ಯಾಕೆ ಅದೇ?"

"ಇಷ್ಟು ಉದ್ದದ ಗಾಯ, ಒಳಗಿಂದ ಸೋರ್ತಿದೆ. ಬೇರೆ ಯಾವುದೂ ತಡೆಯಲ್ಲ. ಇದು ಬಿಚ್ಚಿಕೊಳ್ಳಲ್ಲ."

"ಆ ಇಟ್ಟಿಗೆ ಗೂಡಿನವನ ಹೊಟ್ಟೆಗೆ ಅವಳು ಯಾವುದು ಕೊಟ್ಟಿದ್ಳು ಡಾಕ್ಟ್ರೇ?"

ಡಾಕ್ಟರ ಕೈ ಖಾನೆಯಲ್ಲೇ ಉಳಿಯಿತು. ಆಯಾ ನೆಲ ನೋಡಿದಳು. ಪಡಸಾಲೆಯಲ್ಲಿ ಮೇಷ್ಟ್ರು ಯಾರಿಗೋ ಗಂಟೆಯೆಷ್ಟೆಂದು ಹೇಳುತ್ತಿದ್ದುದು ಕೇಳಿಸಿತು.

"ಹಳೇ ವಿಷಯ ಈಗ ಯಾಕೆ," ಎಂದರು ಡಾಕ್ಟರು.

"ಇವಳು ಅವಳ ತಂಗಿ. ಅಕ್ಕ ಒಬ್ಬನ್ನ ಕೊಂದಳು ಅಂತ ನಂಬ್ಕೊಂಡು ಮೈ ತೊಳೆಯೋಕೆ ನಿಂತಿದ್ದಾಳೆ. ಹೇಳಿಬಿಡಿ. ಇಲ್ಲ ಅಂದ್ರೆ ಪಡಸಾಲೆಗೆ ಹೋಗಿ ಎಲ್ಲರ ಮುಂದೆ ಕೇಳ್ತೀನಿ. ನನಗೇನೂ ಹೋಗೋದಿಲ್ಲ, ಹೋಗೋದು ಹೋಗಾಯ್ತು."

ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಕಿರಿದಾದ ದನಿಯಲ್ಲಿ ಅಂದರು, "ಆಕೆ ನೈಲಾನೇ ಕೊಟ್ಟಿದ್ರು. ಬೇಡ ಅಂದಿದ್ದು ನಾನು. ಅವತ್ತು ಸ್ವಲ್ಪ ಅವಸರ ಇತ್ತು."

ಇಷ್ಟೇ. ಸ್ವಲ್ಪ ಅವಸರ ಇತ್ತು. ಈ ಮಾತು ಬಂದರೆ ಎದೆಯ ಭಾರ ಇಳಿಯುತ್ತದೆ ಎಂದು ದರ್ಜಿ ಹನ್ನೊಂದು ವರ್ಷ ಅಂದುಕೊಂಡಿದ್ದ. ಇಳಿಯಲಿಲ್ಲ. ಇಷ್ಟು ಸಲೀಸಾಗಿ ಬರುವ ಮಾತಿಗೆ ಅವಳ ಏಳು ವರ್ಷ ನೆಲಮಾಳಿಗೆಯಲ್ಲಿ ಹೋಯಿತೇ?

"ಅವಳು ಸಹಿ ಹಾಕಿದ್ಳಲ್ಲ ಭಾವ?" ಎಂದಳು ನಾದಿನಿ. "ತನ್ನದಲ್ಲದ ತಪ್ಪಿಗೆ ಯಾಕೆ ಸಹಿ ಹಾಕಿದ್ಳು?"

"ನಾನು ಹಾಕು ಅಂದೆ. ಅದಕ್ಕೆ."

ನಾದಿನಿ ಅವನನ್ನು ನೋಡಿದಳು, ಡಾಕ್ಟರನ್ನು ನೋಡಿದಳು. ಇಬ್ಬರಲ್ಲಿ ಯಾರನ್ನು ನೋಡಿದರೆ ಹೆಚ್ಚು ಅಸಹ್ಯ ಎಂದು ಅವಳಿಗೇ ತಿಳಿಯಲಿಲ್ಲ. ಮೂಗಿನ ಮೇಲಿನ ಕರವಸ್ತ್ರವನ್ನು ತೆಗೆದು ಬಿಸಿನೀರಲ್ಲಿ ಅದ್ದಿ, ಅಕ್ಕನ ಸೊಂಟದ ಕೆಳಗೆ ಮಡುಗಟ್ಟಿದ್ದುದನ್ನು ಒರೆಸತೊಡಗಿದಳು.

ದರ್ಜಿ ಹುರಿಯನ್ನು ಒಂದೊಂದಾಗಿ ಕತ್ತರಿಸಿ ಎಳೆದು ಹಾಕಿದ. ಪ್ಯಾಕೆಟ್ಟಿನಲ್ಲಿ ದಾರಕ್ಕೆ ಅಂಟಿಕೊಂಡೇ ಬರುವ ಬಾಗು ಸೂಜಿ ಅವನ ಕೈಗೆ ಹೊಸದು. ಮೊದಲೆರಡು ಹೊಲಿಗೆ ಸೊಟ್ಟಗಾದವು. ಬಿಚ್ಚಿ ಮತ್ತೆ ಹಾಕಿದ. ಮೂರನೆಯದರಿಂದ ಕೈ ಕೂತಿತು.

"ಅಂಚು ಕೂಡಿಸಿ ಹಿಡಿಯೋಕೆ ಒಬ್ಬರು ಬೇಕು," ಎಂದ, ತಲೆಯೆತ್ತದೆ. "ದಾರ ಕತ್ತರಿಸೋಕೂ."

ಆಯಾ ಮುಂದೆ ಬಂದಳು.

"ನೀನಲ್ಲ."

ಡಾಕ್ಟರು ಅಂಗಿಯ ತೋಳು ಮಡಚಿ, ಮಂಡಿಯೂರಿ ಕೂತರು. ಎಡಗೈಯಲ್ಲಿ ಅಂಚುಗಳನ್ನು ಕೂಡಿಸಿ ಹಿಡಿದರು, ಬಲಗೈಯಲ್ಲಿ ಕತ್ತರಿ. ದರ್ಜಿ ಸೂಜಿ ಹಾಯಿಸಿ, ಎಳೆದು, ಆರು ಗಂಟು ಹಾಕುತ್ತಿದ್ದ. ಡಾಕ್ಟರು ಕತ್ತರಿಸುತ್ತಿದ್ದರು. ಕೆಂಪು ನೀರು ಅವರ ಮಣಿಕಟ್ಟಿನಿಂದ ಬಿಳಿ ತೋಳಿಗೆ ಹತ್ತಿತು. ಜೇಬಿನಲ್ಲಿ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಎತ್ತಲು ಕೈ ಖಾಲಿ ಇರಲಿಲ್ಲ. ಎದೆ ಮುಗಿಯಿತು, ಹೊಟ್ಟೆ ಮುಗಿಯುತ್ತ ಬಂತು. ಹೊರಗೆ ಗಾಡಿ ಬಂದು ಹಾರನ್ ಹೊಡೆಯಿತು.

"ಎರಡೂ ಕಾಲಾಯ್ತು!" ಮೇಷ್ಟ್ರು ಬಾಗಿಲಾಚೆಯಿಂದ ಕೂಗಿದರು.

ಕೊನೆಯ ಹೊಲಿಗೆ. ದರ್ಜಿ ಸೂಜಿ ಹಾಯಿಸಿ ಎಳೆದು ಗಂಟು ಹಾಕತೊಡಗಿದ. ಡಾಕ್ಟರು ಮನಸ್ಸಿನಲ್ಲೇ ಎಣಿಸುತ್ತಿದ್ದರೆಂದು ಕಾಣುತ್ತದೆ.

"ಆರಾಯ್ತು," ಎಂದು ಕತ್ತರಿ ತೆರೆದು ಮುಂದೆ ತಂದರು.

ದರ್ಜಿ ಏಳನೆಯದನ್ನು ಹಾಕಿದ. ಬಿಗಿದ. ಎಂಟನೆಯದನ್ನು ಹಾಕಿದ. ಹೊರಗೆ ಹಾರನ್ ಮತ್ತೆ ಕೇಳಿಸಿತು. ಅವನು ಒಂಬತ್ತನೆಯದಕ್ಕೆ ದಾರ ಸುತ್ತಿದ, ನಿಧಾನವಾಗಿ. ತೆರೆದ ಕತ್ತರಿ ಹಿಡಿದುಕೊಂಡು ದೊಡ್ಡ ಡಾಕ್ಟರು ನೆಲದ ಮೇಲೆ ಮಂಡಿಯೂರಿ ಕಾಯುತ್ತಿದ್ದರು.